ನೀರಿಗೆ ದಾರಿ ಐತಿ, ಮಂದಿಗೆ?

ಚಿನ್ನಸ್ವಾಮಿ ಕ್ರೀಡಾಂಗಣವನ್ನು ಹೊಗಳೋದು ಸುಲಭ. 2015ರಲ್ಲಿ ಚಾವಣಿ ಮೇಲೆ ಸೋಲಾರ್ ಬಂತು. 2017ರಲ್ಲಿ ಮೈದಾನದ ಅಡಿಗೆ ಸಬ್‌ಏರ್ ಬಂತು: ಹುಲ್ಲಿನ ಕೆಳಗೆ ಮರಳು, ಮರಳಿನ ಕೆಳಗೆ ಪೈಪು, ನೀರೆಳೆಯೋಕೆ ಪಂಪು. ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರು. ಎಂಜಿನಿಯರುಗಳಿಗೆ ಖುಷಿ ಆಗಲೇಬೇಕು.

ಆದರೆ ಗೇಟಿನ ಹೊರಗೆ ನಿಂತವರ ಬಗ್ಗೆ ಈ ಕಟ್ಟಡ ಯಾವತ್ತೂ ಇಷ್ಟು ತಲೆ ಕೆಡಿಸಿಕೊಂಡಿಲ್ಲ.

1969ರಲ್ಲಿ ಅಡಿಗಲ್ಲು ಹಾಕಿದಾಗ ಇದು ಮೈಸೂರು ರಾಜ್ಯ. 1974ರ ನವೆಂಬರಿನ ಮೊದಲ ಟೆಸ್ಟಿನಲ್ಲಿ ರಿಚರ್ಡ್ಸ್, ಗ್ರೀನಿಜ್ ಪಾದಾರ್ಪಣೆ ಮಾಡುವಷ್ಟರಲ್ಲಿ ಕರ್ನಾಟಕ ಆಗಿತ್ತು. ನೆಲ ಸರ್ಕಾರದ್ದು, ಗುತ್ತಿಗೆ ಹಿಡಿದದ್ದು ರಾಜ್ಯ ಕ್ರಿಕೆಟ್ ಸಂಸ್ಥೆ, ಹೆಸರು ಆ ಸಂಸ್ಥೆಗೆ ದುಡಿದ ವಕೀಲ ಎಂ. ಚಿನ್ನಸ್ವಾಮಿ ಅವರದು. ಕಬ್ಬನ್ ಪಾರ್ಕಿನ ಮಗ್ಗುಲಿನ ಈ ಜಾಗ ಹಿಗ್ಗಲಿಲ್ಲ, ಸೇರುವ ಜನ ಮಾತ್ರ ಹಿಗ್ಗಿದರು. 1996ರ ವಿಶ್ವಕಪ್ಪಿಗೆ ಹೊನಲು ಬೆಳಕು ಬಂತು. 2008ರಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯವೇ ಇಲ್ಲಿ ನಡೀತು. ಬಂದದ್ದೆಲ್ಲಾ ಗೋಡೆಯ ಒಳಗೇ.

2025ರ ಜೂನ್ 4ರಂದು ಒಳಗೆ ಆಟವೂ ಇರಲಿಲ್ಲ. ಆರ್‌ಸಿಬಿ ಕಪ್ ಗೆದ್ದ ಮರುದಿನ. ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಇಲ್ಲಿ ಸಂಭ್ರಮಾಚರಣೆ. ಗೇಟುಗಳ ಹತ್ತಿರ ಕಾಲ್ತುಳಿತಕ್ಕೆ ಸಿಕ್ಕು 11 ಮಂದಿ ಸತ್ತರು. ಆಮೇಲೆ ನ್ಯಾಯಮೂರ್ತಿ ಕುನ್ಹಾ ಆಯೋಗ ಹೇಳಿತು: ಗೇಟುಗಳು ನೇರ ಫುಟ್‌ಪಾತಿಗೇ ತೆರೆಯುತ್ತವೆ, ಸಾಲು ನಿಲ್ಲೋದು ರಸ್ತೆಯಲ್ಲೇ, ದೊಡ್ಡ ಜನಸಂದಣಿಗೆ ಈ ಜಾಗ ಸುರಕ್ಷಿತ ಅಲ್ಲ.

ಅನುಮತಿ, ಪೊಲೀಸು, ಪಾಸು, ಅವೆಲ್ಲಾ ಕೋರ್ಟಿನ ವಿಷಯ. ಕಟ್ಟಡದ ತಪ್ಪು ಬೇರೆಯೇ ಇದೆ. ಕಾಯೋ ಜಾಗವನ್ನು ಒಳಗೆ ಕೊಡದೆ ರಸ್ತೆಗೆ ತಳ್ಳೋದು ಬರೀ ವಿನ್ಯಾಸ ಅಲ್ಲ, ರಾಜಕೀಯ. ಗೇಟು ಸಂಸ್ಥೆಯದು, ಫುಟ್‌ಪಾತು ಪಾಲಿಕೆಯದು, ಗುಂಪು ಪೊಲೀಸರದು. ಮೂರು ಟೀಮು, ನಡುವಿನ ಬಗ್ ಯಾರದೂ ಅಲ್ಲ.

ನಮ್ಮ ಕುಳಗೇರಿ ಕ್ರಾಸಿನಿಂದ ಬಾದಾಮಿ ಕಡೆ ಹೋದರೆ ಬನಶಂಕರಿ ಸಿಗ್ತದೆ. ಗುಡಿ ಮುಂದೆ ದೊಡ್ಡ ಹೊಂಡ, ಅದರ ಸುತ್ತ ನೆರಳಿಗೆ ಕಲ್ಲುಮಂಟಪದ ಸಾಲು, ತೇರಿಗೆ ಬೀದಿ. ಜಾತ್ರೆಯಲ್ಲಿ ಅಲ್ಲೂ ನೂಕುನುಗ್ಗಲು ಇದ್ದೇ ಇರ್ತದೆ. ಆದರೆ ಒಳಗೆ ಹೋಗದೆ ಕಾಯೋರೂ ಜಾತ್ರೆಯ ಮಂದಿನೇ ಅಂತ ಒಪ್ಪಿಕೊಂಡು ಕಟ್ಟಿದ್ದು ಅದು.

ಈಗ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಸೀಟಿನ ಕ್ರೀಡಾಂಗಣದ ಮಾತು ನಡೆದಿದೆ. ನಕ್ಷೆ ಬಂದಾಗ ಸೀಟು ಆಮೇಲೆ ಎಣಿಸೋಣ್ರೀ. ಗೇಟಿನ ಮುಂದೆ ಎಷ್ಟು ಬಯಲು ಬಿಟ್ಟಾರ, ಮೊದಲು ಅದನ್ನು ಕೇಳೋಣ.