ಸ್ಯಾಕ್ಸೋಫೋನಿನ ತೋಡಿ ಕೇಳುವವರಿಗೆ

ಮದುವೆಯೂಟಕ್ಕೆ ಪಾಯಸ ಬರುವ ಹೊತ್ತಿಗೆ ಸಿನಿಮಾ ಹಾಡು ನುಡಿಸಿದರೆ 'ಸ್ಯಾಕ್ಸೋಫೋನ್ ಭಾರೀ ಲಾಯ್ಕ' ಎನ್ನುವವರಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬರವಿಲ್ಲ. ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರು 1949ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದ ಸಜಿಪಮೂಡದಲ್ಲಿ ಎಂದು ಎದೆಯುಬ್ಬಿಸುವವರೂ ಇವರೇ. 1994ರಲ್ಲಿ ಅವರು ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ್ದು ಗೊತ್ತು, ಅವರ ಸ್ಯಾಕ್ಸೋಫೋನ್ ಕೇಳಿಸುವ 'ಡ್ಯುಯೆಟ್' ಸಿನಿಮಾ ಇನ್ನೂ ಚೆನ್ನಾಗಿ ಗೊತ್ತು. ಅವರ ಒಂದು ಆಲಾಪನೆಯನ್ನು ಕೊನೆತನಕ ಕೇಳಿದವರು ಎಷ್ಟು ಮಂದಿ? ಒಂದೇ ಉಸಿರಿನಲ್ಲಿ ಸ್ವರ ಎಳೆದರೆಂದು ಚಪ್ಪಾಳೆ ತಟ್ಟುವುದು ದಮ್ಮಿನ ಪರೀಕ್ಷೆ, ಸಂಗೀತ ಕೇಳುವುದಲ್ಲ.

ಪಿಟೀಲಿನ ಎ. ಕನ್ಯಾಕುಮಾರಿ ಅವರೊಂದಿಗೆ ಗೋಪಾಲನಾಥರು ನುಡಿಸಿದ ಜೋಡಿ ಕಛೇರಿಯ ಯಾವುದಾದರೂ ಧ್ವನಿಮುದ್ರಿಕೆ ಹಿಡಿದು ಕೂರಿ. ಎಂ.ಎಲ್. ವಸಂತಕುಮಾರಿಯವರಿಗೆ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿದವರು ಕನ್ಯಾಕುಮಾರಿ; ಹಾಡಿಕೆ ಅವರ ಬೆರಳಲ್ಲೇ ಇದೆ. ಕೃತಿ ಯಾವುದು, ತಾಳ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಗಮಕ ಮಾತ್ರ ಕೇಳಿ, ಒಂದು ಸ್ವರ ಇನ್ನೊಂದರತ್ತ ಜಾರುವ, ತೂಗುವ ಬಗೆ.

ತಂತಿಯ ಮೇಲೆ ಬೆರಳು ಜಾರಿದರೆ ಸ್ವರವೂ ಜಾರುತ್ತದೆ, ಪಿಟೀಲಿಗೆ ಅದೊಂದು ಸೌಕರ್ಯ. ನಾಗಸ್ವರದಲ್ಲಿ (ಗೋಪಾಲನಾಥರ ತಂದೆ ತನಿಯಪ್ಪನವರ ವಾದ್ಯ) ರಂಧ್ರವನ್ನು ಅರ್ಧ ಮುಚ್ಚಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ ಕೂತಿದೆ. 1846ರಲ್ಲಿ ಪೇಟೆಂಟ್ ಪಡೆದ ಬೆಲ್ಜಿಯಂನ ಅಡಾಲ್ಫ್ ಸಾಕ್ಸ್‌ಗೆ ತೋಡಿ ರಾಗದ ಗಾಂಧಾರದ ಚಿಂತೆ ಎಲ್ಲಿಯದು? ಆ ಗಾಂಧಾರ ನಿಂತಲ್ಲಿ ನಿಲ್ಲುವಂಥದ್ದಲ್ಲ. ರಿಷಭವನ್ನು ಸೋಕಿ ಮಧ್ಯಮದತ್ತ ತೂಗಬೇಕು. ಕೀಲಿಯನ್ನೇ ನಂಬಿದರೆ ಮೆಟ್ಟಿಲು ಹತ್ತಿದ ಹಾಗೆ ರಿ, ಗ, ಮ ಬಿಡಿಬಿಡಿಯಾಗಿ ಕೇಳುತ್ತವೆ. ಗೋಪಾಲನಾಥರು ರೀಡಿನ ಮೇಲೆ ತುಟಿಯ ಬಿಗಿ ಸಡಿಲಿಸಿ, ದವಡೆ ತುಸು ಇಳಿಸಿ, ಉಸಿರಿನಿಂದಲೇ ಸ್ವರವನ್ನು ಬಗ್ಗಿಸುತ್ತಾರೆ. ಹಿತ್ತಾಳೆಯ ವಾದ್ಯಕ್ಕೆ ಗಂಟಲು ಬರುವುದು ಅಲ್ಲಿ.

ನನಗೆ ಕಿವಿ ತೆರೆದದ್ದು ಬಿ.ಸಿ. ರೋಡಿನ ಕ್ಯಾಸೆಟ್ ಅಂಗಡಿಯಲ್ಲಿ. ಈ ಜೋಡಿಯ ಕ್ಯಾಸೆಟ್ಟಿನಲ್ಲಿ ಪಿಟೀಲು ಗಾಂಧಾರವನ್ನು ತೂಗಿ ಬಿಟ್ಟಿತು, ಸ್ಯಾಕ್ಸೋಫೋನ್ ಅದನ್ನೇ ಎತ್ತಿಕೊಂಡಿತು. ಕೈ ಬದಲಾದದ್ದು ಎಲ್ಲಿ ಎಂದು ಹಿಡಿಯಲಾಗದೆ ಅಂಗಡಿಯವರಿಂದ ಮತ್ತೆ ಮತ್ತೆ ರಿವೈಂಡ್ ಮಾಡಿಸಿದೆ. ಅವರಿಗೆ ಸಿಟ್ಟು ಬಂತು, ನನಗೆ ತೋಡಿ ಬಂತು.

ಕಛೇರಿಯ ಉಳಿದ ಭಾಗಗಳಾದ ಸ್ವರಪ್ರಸ್ತಾರ, ತನಿ ಆವರ್ತನ ಇವೆಲ್ಲ ಕೇಳುತ್ತ ಕೇಳುತ್ತ ತಾನಾಗಿ ಒಲಿಯುತ್ತವೆ.

ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಸ್ಯಾಕ್ಸೋಫೋನ್ ಹಿಡಿದವರು ನಮ್ಮೂರ ದೇವಸ್ಥಾನಗಳ ಉತ್ಸವದಲ್ಲಿ ಈಗಲೂ ಇದ್ದಾರೆ. ದೇವರ ಬಲಿ ಸುತ್ತು ಮುಗಿದ ಮೇಲೆ ಹತ್ತಿರ ಹೋಗಿ, ಮೊಬೈಲ್ ಒಳಗಿಟ್ಟು, ಒಂದು ತೋಡಿ ನುಡಿಸಿ ಎಂದು ಕೇಳಿ ನೋಡಿ.