ಬಾಗಿಲಲ್ಲಿ ನಿಲ್ಲದ ಪ್ರಭಾತಫೇರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹಳ್ಳಿಗಳಲ್ಲಿ ಆಗಸ್ಟ್ 15, ಜನವರಿ 26, ನವೆಂಬರ್ 1 ಬಂತೆಂದರೆ ಶಾಲೆಯ ಮಕ್ಕಳು ಬೆಳಿಗ್ಗೆಯೇ ಬೀದಿಗಿಳಿಯುತ್ತಾರೆ. ಮುಂದೆ ಗಾಂಧೀಜಿಯದೋ ಭುವನೇಶ್ವರಿಯದೋ ಪಟ, ಹಿಂದೆ ಎರಡು ಸಾಲು, ಪಕ್ಕದಲ್ಲಿ ಸೀಟಿ ಹಿಡಿದ ಪಿ.ಟಿ. ಮೇಷ್ಟ್ರು. ಒಬ್ಬ ಹುಡುಗ ಗಂಟಲು ಹರಿಯುವಂತೆ ಒಂದೊಂದೇ ಹೆಸರು ಕೂಗುತ್ತಾನೆ, ಉಳಿದವರು ಜೈ ಅನ್ನುತ್ತಾರೆ. ಡೇರಿಗೆ ಹಾಲು ಹಾಕಿ ಬರುವವರು ಕ್ಯಾನು ಹಿಡಿದು ಬದಿಗೆ ಸರಿಯುತ್ತಾರೆ. ಜಗಲಿಯ ಮೇಲಿನ ಅಜ್ಜಿ ಸಾಲಿನಲ್ಲಿ ಮೊಮ್ಮಗಳನ್ನು ಹುಡುಕುವಷ್ಟರಲ್ಲಿ ಫೇರಿ ಮುಂದಿನ ತಿರುವು ದಾಟಿರುತ್ತದೆ.

ನನ್ನ ತಕರಾರು ಈ ಅವಸರದ ಮೇಲೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಪ್ರಭಾತಫೇರಿಯ ಜೀವ ಇದ್ದದ್ದೇ ಹಾಡಿನಲ್ಲಿ. ಊರು ಏಳುವ ಹೊತ್ತಿಗೆ ಹಾಡುತ್ತ ಬೀದಿ ಸುತ್ತಿ, ಓದು ಬಾರದವರಿಗೂ ಮಾತು ಮುಟ್ಟಿಸುತ್ತಿದ್ದರು. ಈಗ ನಾನು ಕಾಣುವ ಬಹುಪಾಲು ಫೇರಿಗಳಲ್ಲಿ ಜೈಕಾರ ಉಳಿದಿದೆ, ಹಾಡು ಕಳಚಿಹೋಗಿದೆ. ಇದ್ದರೂ ಅದು ಆಟೋ ಮೇಲಿನ ಸ್ಪೀಕರಿನದು. ಮಕ್ಕಳ ದನಿ ಅದರಡಿ ಮುಚ್ಚಿಹೋಗುತ್ತದೆ.

ಈ ಸೀಮೆಗೆ ಮಕ್ಕಳ ಹಾಡಿನ ಇನ್ನೂ ಹಳೆಯ ರೂಢಿಯೊಂದಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ದಸರಾ ಮುಂದೆ ಮೈಸೂರಿನದಾಯಿತು. ಅದೇ ಹಬ್ಬದ ಹಳ್ಳಿ ರೂಪವಾದ ಮಾರ್ನಮಿಯಲ್ಲಿ ಮಾತ್ರ ಸಡಗರ ಹುಡುಗರದು. ಹಳೇ ಮೈಸೂರಿನ ಕೂಲಿಮಠಗಳೆಂಬ ಹಳ್ಳಿ ಶಾಲೆಗಳ ಮೇಷ್ಟ್ರುಗಳಾದ ಐಗಳು ತಮ್ಮ ಹುಡುಗರನ್ನು ಮನೆಮನೆಗೆ ಕರೆದೊಯ್ದು ಕೋಲಾಟ ಆಡಿಸಿ, ಚೌಪದವೆಂಬ ಮಾರ್ನಮಿ ಹಾಡು ಹಾಡಿಸುತ್ತಿದ್ದರು. ಮನೆಯವರು ದುಡ್ಡೋ ದವಸವೋ ಕೊಡುತ್ತಿದ್ದರು. ಐಗಳ ಜೀವನ ನಡೆಯುತ್ತಿದ್ದುದೇ ಇಂಥದರಿಂದ. ಅಲ್ಲಿ ಹಾಡು ಒಂದು ಬಾಗಿಲ ಮುಂದೆ ನಿಲ್ಲುತ್ತಿತ್ತು, ಒಳಗಿನವರು ಹೊರಗೆ ಬಂದು ಕೇಳುತ್ತಿದ್ದರು. ಕ್ರಿಸ್‌ಮಸ್ ಹೊತ್ತಿಗೆ ಕ್ಯಾರಲ್ ಹಾಡುತ್ತ ಬರುವ ಚರ್ಚಿನ ಮಕ್ಕಳೂ ಹೀಗೆಯೇ ಮನೆಯ ಮುಂದೆ ನಿಂತು, ಹಾಡು ಮುಗಿಸಿಯೇ ಹೊರಡುತ್ತಾರೆ.

ಹಾಗೆಂದು ಚೌಪದದ ಕಾಲವನ್ನು ಹೊಗಳಿ ಕೂರಲಾರೆ. ಕೂಲಿಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ. ಸರ್ಕಾರಿ ಶಾಲೆಯ ಸಾಲಿನಲ್ಲಿ ಇವತ್ತು ಊರಿನ ಎಲ್ಲ ಕೇರಿಯ ಮಕ್ಕಳೂ ಇದ್ದಾರೆ, ಇದು ಪ್ರಭಾತಫೇರಿಯ ದೊಡ್ಡ ಗೆಲುವು. ಆದರೆ ಆ ಸಾಲು ದೇವಸ್ಥಾನದ ಬೀದಿ, ಬಸ್ ಸ್ಟ್ಯಾಂಡು, ಪಂಚಾಯಿತಿ ಆಫೀಸು ಸುತ್ತಿ ವಾಪಸಾದರೆ, ದಲಿತರ ಕಾಲೊನಿಗೆ ಹೋಗದಿದ್ದರೆ, ಗೆದ್ದದ್ದರಲ್ಲಿ ಅರ್ಧವನ್ನು ಶಾಲೆಯೇ ಬಿಟ್ಟುಕೊಟ್ಟಂತೆ. ಫೇರಿ ಯಾವ ದಾರಿಯಲ್ಲಿ ಹೋಗಬೇಕೆಂದು ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ನಡೆಯುವ ಮಾತು ಸಣ್ಣದಲ್ಲ.

2022ರ ಅಕ್ಟೋಬರ್ 28ರಂದು ಸರ್ಕಾರ ನಡೆಸಿದ ಕನ್ನಡ ಹಾಡುಗಳ ಸಾಮೂಹಿಕ ಕಾರ್ಯಕ್ರಮ ಕೋಟಿ ಕಂಠ ಗಾಯನ ನಾಡಿನ ಮಕ್ಕಳಿಗೆ ಆರು ಹಾಡು ಕಲಿಸಿತು. ಒಳ್ಳೆಯದೇ ಆಯಿತು. ಆದರೆ ಎಷ್ಟು ಜನ ಹಾಡಿದರು ಎಂಬ ಲೆಕ್ಕದ ಮುಂದೆ ಯಾರು ಕೇಳಿದರು ಎಂಬ ಪ್ರಶ್ನೆ ಏಳಲೇ ಇಲ್ಲ. ಕಲಿತ ಹಾಡು ಬೀದಿಗೆ ಬರಬೇಕಿತ್ತು. ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಜನಪದ ಹಾಡುಗಳನ್ನು ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದ ಎಚ್.ಎಲ್. ನಾಗೇಗೌಡರು, ಜೀ.ಶಂ. ಪರಮಶಿವಯ್ಯನವರು ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಸೋಬಾನೆ, ರಾಗಿ ಬೀಸುವ ಪದ ಬಲ್ಲ ಹೆಂಗಸರು ಇನ್ನೂ ಜಗಲಿಗಳ ಮೇಲೆ ಕೂತಿದ್ದಾರೆ. ಮಕ್ಕಳು ನಿಂತು ಒಂದು ಹಾಡು ಹೇಳಿ, ‘ಅಜ್ಜಿ, ನೀನೊಂದು ಹೇಳು’ ಎಂದರೆ ಪಾಠವೇ ಬೇರೆಯಾಗುತ್ತದೆ.

ಹೊತ್ತಿಲ್ಲ ಎನ್ನುವ ಮೇಷ್ಟ್ರುಗಳಿದ್ದಾರೆ, ಅವರ ಕಷ್ಟ ಗೊತ್ತು. ಧ್ವಜಾರೋಹಣಕ್ಕೆ ಸರಿಯಾಗಿ ಶಾಲೆ ಮುಟ್ಟಬೇಕು. ಆದರೆ 2022ರಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿದೆ. ಅಂಗನವಾಡಿ, ಡೇರಿ, ಅರಳಿಕಟ್ಟೆ, ಕಾಲೊನಿಯಲ್ಲಿ ಎರಡು ಮನೆ ಎಂದು ಐದು ಕಡೆ ನಿಂತು ಅದನ್ನು ಹಾಡಿದರೂ ಹನ್ನೆರಡೂವರೆ ನಿಮಿಷ. ಕಾಲು ಗಂಟೆ ಮುಂಚೆ ಹೊರಟರೆ ಸಾಕು, ಕಾಲೊನಿಯಿಂದಲೇ ಶುರುಮಾಡಬಹುದು.