ಖಡ್ಗದ ಋಣ

ದಿವ್ಯಖಡ್ಗವನ್ನು ಕುರಿತ ಕಥೆಯಲ್ಲಿ ಆಯುಧವು ಯಾರಿಗೆ ಒಲಿಯಿತೆಂಬುದಕ್ಕಿಂತಲೂ ಅದು ಯಾರ ಮೇಲೆ ಎರಗಿತು, ಆ ಪೆಟ್ಟಿನ ಭಾರವನ್ನು ಕೃತಿಯು ಹೇಗೆ ಹೊತ್ತಿತು ಎಂಬುದೇ ವಿಚಾರಾರ್ಹ. 2007ರಲ್ಲಿ ಪ್ರಕಟವಾದ ‘ಗಾಡ್ ಆಫ್ ವಾರ್ 2’ ಎಂಬ ವೀಡಿಯೋ ಆಟದ ‘ಒಲಿಂಪಸ್ಸಿನ ಖಡ್ಗ’ವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಅದನ್ನು ತೂಗತಕ್ಕ ತಕ್ಕಡಿ ಕನ್ನಡಿಗರಿಗೆ ಚಿರಪರಿಚಿತವಾದ ಗೋದಾವರೀ ಪ್ರಾಂತದ ಕಥೆಗಳಲ್ಲಿಯೇ ಇದೆ.

ಗ್ರೀಕ್ ಪುರಾಣದ ಜೀಯಸನ ಆಯುಧ ಸಿಡಿಲು. ಹೆಸಿಯಡ್ ಕವಿಯ ‘ಥಿಯಾಗನಿ’ಯಲ್ಲಿ ಟೈಟನ್ನರೊಡನೆ ನಡೆದ ಹತ್ತು ವರ್ಷಗಳ ಯುದ್ಧವು ಆ ಸಿಡಿಲಿನಿಂದಲೂ ನೂರು ಕೈಗಳ ದೈತ್ಯರ ನೆರವಿನಿಂದಲೂ ಮುಗಿಯುತ್ತದೆ. ಅದನ್ನು ಮುಗಿಸಿದ್ದು ಒಂದು ಖಡ್ಗವೆಂಬುದು ಆಟದವರ ಕಲ್ಪನೆ. ಸ್ಪಾರ್ಟದ ವೀರ ಕ್ರೇಟೋಸನು ಜೀಯಸನ ಮಾತನ್ನು ನಂಬಿ ತನ್ನ ದೈವಶಕ್ತಿಯನ್ನೆಲ್ಲ ಆ ಖಡ್ಗಕ್ಕೆ ಧಾರೆಯೆರೆಯುತ್ತಾನೆ. ಜೀಯಸನು ಅದರಿಂದಲೇ ಅವನನ್ನು ಕೊಲ್ಲುತ್ತಾನೆ. ಮೃತ್ಯುವನ್ನು ಮೀರಿ ಮರಳಿದ ಕ್ರೇಟೋಸನು ಕೊನೆಯಲ್ಲಿ ಅದೇ ಖಡ್ಗವನ್ನು ಜೀಯಸನ ಮೇಲೆ ಎತ್ತಿದಾಗ, ಅಡ್ಡಬಂದ ಅಥೇನಾ ದೇವಿಯು ಬಲಿಯಾಗುತ್ತಾಳೆ.

ಪೂರ್ವಕಥೆಯನ್ನು ಮಾರ್ಪಡಿಸುವುದು ದೋಷವಲ್ಲ; ಜೈನ ಕವಿಗಳೂ ಹಾಗೆ ಮಾಡಿದ್ದಾರೆ. ನಾಸಿಕದ ಪಂಚವಟಿಯಲ್ಲಿ ಶೂರ್ಪಣಖಿಯ ಮೂಗು ಹೋದುದರಿಂದಲೇ ಊರಿಗೆ ಆ ಹೆಸರು ಬಂದಿತೆಂಬುದು ಜನಜನಿತ. ಆದರೆ ಸುಮಾರು ಕ್ರಿ.ಶ. 1100ರ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವು ಅನುಸರಿಸುವ ಜೈನಪರಂಪರೆಯಲ್ಲಿ ದಂಡಕಾರಣ್ಯದ ಕಲಹಕ್ಕೆ ಬೀಜ ಬೇರೆ. ಚಂದ್ರನಖಿಯ ಮಗ ಶಂಬೂಕನು ಸೂರ್ಯಹಾಸ ಖಡ್ಗಕ್ಕಾಗಿ ಬಿದಿರ ಮೆಳೆಯೊಳಗೆ ತಪಸ್ಸಿಗೆ ಕುಳಿತಿರುವನು. ಖಡ್ಗವು ಸಿದ್ಧಿಸುವ ವೇಳೆಗೆ ಅಲ್ಲಿಗೆ ಬಂದ ಲಕ್ಷ್ಮಣನು ಅದನ್ನು ಎತ್ತಿಕೊಂಡು, ಹರಿತವನ್ನು ಪರೀಕ್ಷಿಸಲೆಂದು ಮೆಳೆಯನ್ನು ಕಡಿಯುತ್ತಾನೆ. ಬಿದಿರಿನೊಡನೆ ಶಂಬೂಕನ ತಲೆಯೂ ಉರುಳುತ್ತದೆ. ಕೊಂದವನಲ್ಲಿ ದ್ವೇಷವಿರಲಿಲ್ಲ. ಆದರೂ ಖರನೊಡನೆ ಯುದ್ಧ, ಸೀತಾಪಹರಣ, ಲಂಕೆಯ ಪತನ ಇವೆಲ್ಲವೂ ಆ ಒಂದು ಪೆಟ್ಟಿನ ಬೆನ್ನು ಹತ್ತಿ ಬರುತ್ತವೆ.

ಛತ್ರಪತಿ ಸಂಭಾಜಿನಗರಕ್ಕೆ ಸುಮಾರು 30 ಕಿ.ಮೀ. ದೂರದ ಎಲ್ಲೋರದಲ್ಲಿ, ರಾಷ್ಟ್ರಕೂಟ ಒಂದನೆಯ ಕೃಷ್ಣನು 8ನೆಯ ಶತಮಾನದಲ್ಲಿ ಕೊರೆಯಿಸಿದ ಕೈಲಾಸ ದೇವಾಲಯದಲ್ಲಿ, ರಾವಣನು ಗಿರಿಯನ್ನು ಅಲುಗಿಸುವ ಪ್ರಸಿದ್ಧ ಶಿಲ್ಪವಿದೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಂತೆ ಚಂದ್ರಹಾಸ ಖಡ್ಗವು ಅವನಿಗೆ ದೊರೆತುದು ಈ ಪ್ರಸಂಗದ ಕೊನೆಯಲ್ಲಿ, ಶಿವನಿಂದ. ಅನಾದರ ತೋರಿದರೆ ಖಡ್ಗವು ಕೊಟ್ಟವನಿಗೇ ಹಿಂದಿರುಗುವುದೆಂಬ ಕಟ್ಟಳೆಯೂ ಜೊತೆಗಿತ್ತು. ಹೀಗೆ ಸೂರ್ಯಹಾಸಕ್ಕೆ ಫಲದ ಬಂಧನವಿದ್ದರೆ ಚಂದ್ರಹಾಸಕ್ಕೆ ನಿಯಮದ ಬಂಧನ.

ಒಲಿಂಪಸ್ಸಿನ ಖಡ್ಗಕ್ಕೆ ಎರಡೂ ಇಲ್ಲ. ಜೀಯಸನು ಕ್ರೇಟೋಸನ ತಂದೆಯೆಂದು ಅಥೇನಾ ಸಾಯುವಾಗ ತಿಳಿಸಿದರೂ ಅವನ ಸೇಡು ಕದಲುವುದಿಲ್ಲ. ಅವಳ ಸಾವು ಮುಂದಿನ ಯುದ್ಧಕ್ಕೆ ಮತ್ತೊಂದು ಮೆಟ್ಟಿಲಾಗುತ್ತದಷ್ಟೆ. ಕಾವ್ಯದ ಓದುಗನು ಲಕ್ಷ್ಮಣನನ್ನು ದೂರದಿಂದ ನೋಡುತ್ತಾನೆ. ಆಟಗಾರನಾದರೋ ನಾಯಕನ ಕೈಯೇ ಆಗಿರುತ್ತಾನೆ. ಅರಿಯದೆ ಕೊಂದ ಕೈಯ ಭಾರವನ್ನು ಅನುಭವಕ್ಕೆ ತರಲು ಈ ಮಾಧ್ಯಮಕ್ಕೆ ಕಾವ್ಯಕ್ಕೂ ಇಲ್ಲದ ಅನುಕೂಲವಿತ್ತು. ದುರಂತದ ಹೊಸ್ತಿಲವರೆಗೆ ಬಂದು ಹಿಂದೆಗೆದುದೇ ಈ ಕೃತಿಯ ಕೊರತೆ.